ಹೊಟ್ಟೆ ಅಡ್ಡ ಬಂದರೆ ಆಸನವೇ ಸರಿಯಲಿ

ಬೆಳಗಿನ ಐದೂವರೆ. ಬಡಾವಣೆಯ ದೇವಸ್ಥಾನದ ಪಕ್ಕದ ಸಭಾಭವನದಲ್ಲಿ ಮ್ಯಾಟು, ಜಮಖಾನಗಳು ಸಾಲಾಗಿ ಹರಡಿಕೊಂಡಿವೆ. ಪ್ರಾರ್ಥನೆ ಮುಗಿದೊಡನೆ ಶಿಕ್ಷಕರ ಮೊದಲ ಸೂಚನೆ ಬರುತ್ತದೆ: 'ಎರಡೂ ಪಾದ ಜೋಡಿಸಿ, ನೇರ ನಿಲ್ಲಿ.' ಯೋಗದಲ್ಲಿ ಇದಕ್ಕಿಂತ ಸುಲಭದ್ದು ಇನ್ನೇನಿದೆ ಎಂದುಕೊಂಡೇ ಅವರು ಹೇಳಿರುತ್ತಾರೆ. ಆದರೆ ಬಾಗಿಲ ಹತ್ತಿರದ ಮೂಲೆಯಲ್ಲಿ ನಿಂತ 95 ಕೆಜಿಯ ಹೊಸಬರಿಗೆ ತೊಡಕು ಶುರುವಾಗುವುದೇ ಅಲ್ಲಿಂದ. ತೊಡೆ ದಪ್ಪಗಿದ್ದವರು ಪಾದ ಜೋಡಿಸಿದರೆ ಮಂಡಿಗಳು ಒಂದನ್ನೊಂದು ತಳ್ಳುತ್ತವೆ, ಮೈ ತೂಗಾಡುತ್ತದೆ. ತಾಡಾಸನದಲ್ಲೇ ಹೀಗಾದರೆ ಮುಂದಿನ ಕಥೆ ಕೇಳುವುದೇ ಬೇಡ.

ಮುಂದಿನದು ಪಾದಹಸ್ತಾಸನ. 'ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಿ.' ಬೆರಳು ಮುಟ್ಟುವುದು ಹಾಗಿರಲಿ, ಹೊಟ್ಟೆ ಅಡ್ಡ ಬಂದು ಅವು ಕಣ್ಣಿಗೇ ಬೀಳುವುದಿಲ್ಲ. ಟೀ ಶರ್ಟು ಮೇಲೇರಿ ಬೆನ್ನು ಕಾಣುತ್ತದೆ, ಅದನ್ನು ಕೆಳಗೆಳೆಯುವಷ್ಟರಲ್ಲಿ ಉಳಿದವರು ಮೂರನೆಯ ಆಸನಕ್ಕೆ ದಾಟಿರುತ್ತಾರೆ. ವಜ್ರಾಸನದಲ್ಲಿ ಕೂರಲು ಮಂಡಿ ಒಪ್ಪುವುದಿಲ್ಲ. ಕೊನೆಗೆ ಶವಾಸನವಾದರೂ ಸುಖ ಕೊಟ್ಟೀತು ಎಂದು ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕೂತಂತೆ ಉಸಿರು ಕಟ್ಟುತ್ತದೆ.

ನಾಲ್ಕನೆಯ ದಿನ ಆ ಮೂಲೆ ಖಾಲಿ.

'ಸೋಮಾರಿತನ, ಇನ್ನೇನು?' ಎಂದು ಉಳಿದವರು ಮಾತಾಡಿಕೊಳ್ಳುತ್ತಾರೆ. ಬಿಟ್ಟುಹೋದವರು ತಮ್ಮ ಬಗ್ಗೆ ಅಂದುಕೊಳ್ಳುವುದೂ ಹೆಚ್ಚುಕಡಿಮೆ ಅದನ್ನೇ. ಮೈ ಇಳಿಸಿಕೊಳ್ಳಲೆಂದು ಬಂದವರಿಗೆ, ಮೈ ಇಳಿದವರಿಗಷ್ಟೇ ಸಲೀಸಾಗುವ ಆಸನಗಳಿಂದ ಪಾಠ ಶುರುಮಾಡಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ಈ ತರಗತಿಗಳಿಗೆ ಹೇಳಿ ಮಾಡಿಸಿದಂತಿದೆ.

ಆ ಮೂಲೆಯಲ್ಲಿ ನಿಲ್ಲಬೇಕಾದವರ ಸಂಖ್ಯೆಯೇನೂ ಚಿಕ್ಕದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 30ರಷ್ಟು ಮಹಿಳೆಯರು, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಪುರುಷರು ಅಧಿಕ ತೂಕದ ಗೆರೆ ದಾಟಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 22–23ರ ಆಸುಪಾಸಿನಲ್ಲಿತ್ತು. ಇಲ್ಲಿ ಗೆರೆ ಎಂದರೆ ಬಿಎಂಐ 25: ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಅಂಕಿ. 160 ಸೆಂ.ಮೀ. ಎತ್ತರದವರಿಗೆ 64 ಕೆಜಿಗೆ ಅದು ಬಂದು ಮುಟ್ಟುತ್ತದೆ. ಭಾರತೀಯರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಜಾಸ್ತಿ ಕೂರುವುದರಿಂದ ನಮ್ಮ ವೈದ್ಯರು 23ಕ್ಕೇ ಎಚ್ಚರಿಕೆ ಕೊಡುತ್ತಾರೆ. ಸೊಂಟದ ಸುತ್ತಳತೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂ.ಮೀ. ಮೀರಬಾರದು ಎನ್ನುವ ಲೆಕ್ಕವೂ ಇದೆ. ತಕ್ಕಡಿಗಿಂತ ದರ್ಜಿಯ ಟೇಪೇ ಇಲ್ಲಿ ಹೆಚ್ಚು ನಿಜ ಹೇಳುತ್ತದೆ.

ಯೋಗ ಎಂದೊಡನೆ ಬಳುಕುವ ಸಣಕಲು ಮೈ ಕಣ್ಣ ಮುಂದೆ ಬರುವುದು ಎಂದಿನಿಂದ? ಉತ್ತರದ ಒಂದು ದೊಡ್ಡ ಪಾಲು ಮೈಸೂರಿನಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಗುರುಗಳು ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು. ಶಿಷ್ಯರಲ್ಲಿ ಬಹುಪಾಲು ಅರಸು ಮನೆತನಗಳ ಹುಡುಗರು. ಚಿಗರೆಯಂಥ ಆ ಹುಡುಗರಿಗೆ ತಕ್ಕಂತೆ ಪಾಠ ಚುರುಕಾಗಿತ್ತು. ಒಂದು ಆಸನದಿಂದ ಇನ್ನೊಂದಕ್ಕೆ ನೆಗೆತ, ಉಸಿರಿಗೊಂದು ಚಲನೆ. ಪಕ್ಕದಲ್ಲೇ ಸೂರ್ಯನಮಸ್ಕಾರ, ವ್ಯಾಯಾಮದ ತರಗತಿಗಳೂ ನಡೆಯುತ್ತಿದ್ದವು. ಅರಮನೆಗೆ ಅತಿಥಿಗಳು ಬಂದರೆ ಆಸನಗಳ ಪ್ರದರ್ಶನ. ಅಲ್ಲಿ ಕಲಿತ ಇಬ್ಬರು, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಹಾಸನದ ಹತ್ತಿರದ ಕೌಶಿಕದ ಕೆ. ಪಟ್ಟಾಭಿ ಜೋಯಿಸರು, ಮುಂದೆ ಯೋಗವನ್ನು ಲೋಕಕ್ಕೆಲ್ಲ ಒಯ್ದರು. 1966ರಲ್ಲಿ ಬಂದ ಅಯ್ಯಂಗಾರರ 'ಲೈಟ್ ಆನ್ ಯೋಗ' ಪುಸ್ತಕದ ಸುಮಾರು 600 ಚಿತ್ರಗಳಲ್ಲಿ ಇರುವುದು ಒಂದೇ ಮೈ, ಅವರದ್ದು. ಹದಿಹರೆಯದ ಹುಡುಗರಿಗೆಂದು ಕತ್ತರಿಸಿದ ಅಂಗಿಯನ್ನೇ ಎಲ್ಲರೂ ತೊಡಬೇಕೆಂಬ ಹಟ ಹೀಗೆ ಹುಟ್ಟಿಕೊಂಡಿತು.

ಅಂಗಿ ಹೊಲಿದವರಿಗೆ ಮಾತ್ರ ಆ ಹಟವಿರಲಿಲ್ಲ. ಕೃಷ್ಣಮಾಚಾರ್ಯರು ಕನ್ನಡದಲ್ಲೇ ಬರೆದ ಎರಡು ಪುಸ್ತಕಗಳಿವೆ, 1934ರ 'ಯೋಗ ಮಕರಂದ' ಮತ್ತು 1941ರ 'ಯೋಗಾಸನಗಳು'. ಎರಡನೆಯದರಲ್ಲಿ ಆಸನಗಳನ್ನು ಅವರು ಆರಂಭದವು, ನಡುವಿನವು, ನುರಿತವರವು ಎಂದು ಬಿಡಿಸಿಟ್ಟಿದ್ದಾರೆ. 1950ರಲ್ಲಿ ಯೋಗಶಾಲೆ ಮುಚ್ಚಿ, ಅವರು ಮದರಾಸಿಗೆ ಹೋದ ಮೇಲಂತೂ ಪಾಠದ ಚಹರೆಯೇ ಬದಲಾಯಿತು. ರೋಗಿಗಳು, ಮುದುಕರು, ಗೃಹಿಣಿಯರು ಬಂದರೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅವರವರ ಮೈಗೆ ತಕ್ಕ ಅಭ್ಯಾಸ ಹೇಳಿಕೊಡುತ್ತಿದ್ದರು. ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ 1976ರಲ್ಲಿ ಅಲ್ಲಿ ಕಟ್ಟಿದ ಕೃಷ್ಣಮಾಚಾರ್ಯ ಯೋಗ ಮಂದಿರ ನಿಂತಿರುವುದು ಇದೇ ತತ್ವದ ಮೇಲೆ. ಜೋಯಿಸರ ಪದ್ಧತಿ ಮೇಲ್ನೋಟಕ್ಕೆ ಕಠಿಣವಾದರೂ, ಲೋಕವೆಲ್ಲ 'ಮೈಸೂರು ಶೈಲಿ' ಎಂದು ಕರೆಯುವ ಅವರ ತರಗತಿಯಲ್ಲಿ ಎಲ್ಲರೂ ಏಕಕಾಲಕ್ಕೆ ಒಂದೇ ಆಸನ ಮಾಡುವುದಿಲ್ಲ. ತಂತಮ್ಮ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ. ಇದ್ದದ್ದು ಕೈವಶವಾದ ಮೇಲಷ್ಟೇ ಗುರು ಮುಂದಿನದನ್ನು ಕೊಡುತ್ತಾರೆ. ಮೈಕಿನಲ್ಲಿ 'ಏಕಂ, ದ್ವೇ' ಎಂದು ಇನ್ನೂರು ಜನರನ್ನು ಒಟ್ಟಿಗೆ ಬಗ್ಗಿಸುವ ನಮ್ಮ ಶಿಬಿರಗಳು ಮೈಸೂರಿನ ಈ ಪಾಠವನ್ನೇ ಮರೆತಂತಿವೆ.

ಇನ್ನೂ ಹಿಂದಕ್ಕೆ ಹೋದರೆ ಸುಮಾರು ಹದಿನೈದನೆಯ ಶತಮಾನದ ಸ್ವಾತ್ಮಾರಾಮನ 'ಹಠಯೋಗ ಪ್ರದೀಪಿಕೆ' ಸಿಗುತ್ತದೆ. ಮೇದಸ್ಸು ಮತ್ತು ಕಫ ಹೆಚ್ಚಿದ್ದವರ ವಿಷಯವನ್ನು ಆ ಗ್ರಂಥ ಬೇರೆಯಾಗಿಯೇ ಎತ್ತುತ್ತದೆ. ಅಂಥವರು ಪ್ರಾಣಾಯಾಮಕ್ಕೆ ಮೊದಲು ಷಟ್ಕರ್ಮ ಎಂಬ ಆರು ಶುದ್ಧಿಕ್ರಿಯೆಗಳನ್ನು ಮಾಡಲಿ, ಉಳಿದವರಿಗೆ ಅದು ಬೇಕಿಲ್ಲ ಎನ್ನುತ್ತದೆ. ಎಳೆಯರು, ಮುದುಕರು, ಕಾಯಿಲೆಯವರು, ನಿತ್ರಾಣರು ಎಲ್ಲರಿಗೂ ಅಭ್ಯಾಸದಿಂದ ಫಲವಿದೆ ಎಂದೂ ಹೇಳುತ್ತದೆ. ಅಂದರೆ ದಪ್ಪ ಮೈಯ ಶಿಷ್ಯ ಬಂದೇ ಬರುತ್ತಾನೆಂದು ಆ ಕಾಲದವರಿಗೂ ಗೊತ್ತಿತ್ತು. ಅವನನ್ನು ಹೊರಗೆ ಕಳಿಸದೆ ಬೇರೆ ಬಾಗಿಲು ತೋರಿಸಿದ್ದರು. (ಬಟ್ಟೆ ನುಂಗುವ ಧೌತಿಯಂಥ ಕ್ರಿಯೆಗಳನ್ನು ಇದನ್ನೋದಿ ಮನೆಯಲ್ಲಿ ಯಾರೂ ಪ್ರಯತ್ನಿಸದಿರಲಿ. ಬಲ್ಲವರು ಎದುರಿಗಿಲ್ಲದೆ ಅದು ಆಗುವ ಮಾತಲ್ಲ.)

ಮೈಯನ್ನು ಆಸನಕ್ಕೆ ಬಲವಂತವಾಗಿ ತುರುಕಿದರೆ ಏನಾಗುತ್ತದೆಂದು ಅಯ್ಯಂಗಾರರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಹುಟ್ಟಿ, ಮಲೇರಿಯಾ, ಟೈಫಾಯ್ಡು, ಕ್ಷಯ ಎಲ್ಲಕ್ಕೂ ಸಿಕ್ಕಿ ಬೆಳೆದ ಹುಡುಗ ಅವರು. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರ ಬಳಿ ಮೈಸೂರಿಗೆ ಬಂದಾಗ ಮೈ ಕಡ್ಡಿಯಂತಿತ್ತು, ಬಗ್ಗುತ್ತಲೂ ಇರಲಿಲ್ಲ. ಅತಿಥಿಯೊಬ್ಬರ ಮುಂದೆ ಹನುಮಾನಾಸನ ಮಾಡಿ ತೋರಿಸು ಎಂದು ಗುರು ಹೇಳಿದಾಗ, ಚಡ್ಡಿ ಬಿಗಿಯಾಗಿದೆ ಎಂದು ತಪ್ಪಿಸಿಕೊಳ್ಳಲು ನೋಡಿದರಂತೆ. ಗುರು ಚಡ್ಡಿಯ ಹೊಲಿಗೆಯನ್ನೇ ಕತ್ತರಿಸಿಸಿದರು! ಆಸನವೇನೋ ಆಯಿತು, ತೊಡೆಯ ಹಿಂಭಾಗದ ಸ್ನಾಯು ಹರಿದು ಬಹುಕಾಲ ಕಾಡಿತು. ಇದನ್ನು ಅವರೇ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಹೋಗಿ ನೆಲೆಸಿದ ಮೇಲೆ ಇದೇ ಅಯ್ಯಂಗಾರರು ಮರದ ಇಟ್ಟಿಗೆ, ಪಟ್ಟಿ, ಹಗ್ಗ, ಕಂಬಳಿ, ದಿಂಬು, ಮಡಚುವ ಕುರ್ಚಿ ಎಲ್ಲವನ್ನೂ ಯೋಗದೊಳಕ್ಕೆ ತಂದರು. ನೆಲ ಕೈಗೆ ಎಟುಕದಿದ್ದರೆ ಇಟ್ಟಿಗೆ ಇಟ್ಟು ನೆಲವನ್ನೇ ಮೇಲೆತ್ತುವುದು ಅವರ ಉಪಾಯ. ದಪ್ಪಗಿರುವ ಹೊಸಬರಿಗೆ ಇಷ್ಟು ಉಪಕಾರ ಮಾಡಿದ ಇನ್ನೊಂದು ಉಪಾಯ ಆಧುನಿಕ ಯೋಗದಲ್ಲಿಲ್ಲ.

ಆ ಸಲಕರಣೆಗಳಿಗೆ ದುಡ್ಡು ಸುರಿಯಬೇಕೆಂದೇನಿಲ್ಲ. ಕೈಹಿಡಿ ಇಲ್ಲದ ಗಟ್ಟಿ ಕುರ್ಚಿ, ಊಟದ ಮಣೆ, ಎರಡು ಕಂಬಳಿ, ಹಳೆಯ ದುಪಟ್ಟಾ ಅಥವಾ ಉದ್ದ ಟವೆಲ್, ಒಂದು ಖಾಲಿ ಗೋಡೆ. ಕುರ್ಚಿ ಪ್ಲಾಸ್ಟಿಕ್ಕಿನದಾಗದಿರಲಿ, ಕಾಲು ಅಗಲಿ ಜಾರುತ್ತದೆ. ಮ್ಯಾಟಿನ ಬಗ್ಗೆಯೂ ಒಂದು ಮಾತು: ಮೆತ್ತಗಿರಲಿ ಎಂದು ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪನೆಯ ಸ್ಪಂಜಿನದನ್ನು ಆರಿಸುವವರೇ ಹೆಚ್ಚು. ಅದರ ಮೇಲೆ ನಿಂತರೆ ಪಾದ ಹೂತು ಸಮತೋಲ ಕೆಡುತ್ತದೆ. ತೆಳ್ಳಗಿನ, ಜಾರದ ಮ್ಯಾಟು ತಂದು, ಮಂಡಿ ಊರುವಲ್ಲಿ ಮಾತ್ರ ಕಂಬಳಿ ಮಡಚಿ ಹಾಕುವುದು ಜಾಣತನ.

ಈಗ ಮತ್ತೆ ಆ ಮೂಲೆಗೆ, ಅದೇ ತಾಡಾಸನಕ್ಕೆ. ಪಾದ ಜೋಡಿಸಬೇಕಾಗಿಲ್ಲ; ಸೊಂಟದಗಲಕ್ಕೆ ಬಿಟ್ಟು, ಹಿಮ್ಮಡಿಯನ್ನು ಗೋಡೆಗೆ ಹತ್ತಿರವಿಟ್ಟು ನಿಂತರೆ ಸಾಕು. ಹೊಟ್ಟೆಯ ಭಾರ ಸೊಂಟವನ್ನು ಮುಂದಕ್ಕೆಳೆದು ಕೆಳಬೆನ್ನನ್ನು ಬಿಲ್ಲಿನಂತೆ ಬಾಗಿಸಿರುತ್ತದೆ. ಬೆನ್ನು ನೋವು, ಬೆನ್ನು ನೋವು ಎಂದು ಇವರು ಗೋಳಾಡುವುದಕ್ಕೆ ಅದೂ ಒಂದು ಕಾರಣ. ಬೆನ್ನಿಗೆ ಗೋಡೆ ತಾಗಿದಾಗಲೇ ಆ ಬಾಗು ಎಷ್ಟಿದೆಯೆಂದು ಅನೇಕರಿಗೆ ಮೊದಲ ಸಲ ಗೊತ್ತಾಗುವುದು. ವೃಕ್ಷಾಸನಕ್ಕೂ ಗೋಡೆಯೇ ಆಸರೆ. ಮೇಲೆತ್ತಿದ ಪಾದವನ್ನು ತೊಡೆಗೆ ಒತ್ತಬೇಕಿಲ್ಲ; ಹಿಮ್ಮಡಿಯನ್ನು ಇನ್ನೊಂದು ಕಾಲಿನ ಹರಡಿಗೆ ಆನಿಸಿ, ಬೆರಳ ತುದಿ ನೆಲದಲ್ಲಿದ್ದರೂ ಅದು ವೃಕ್ಷಾಸನವೇ.

ಪಾದಹಸ್ತಾಸನದಲ್ಲಿ ಕಾಲನ್ನು ಅಗಲಿಸಿ, ಮಂಡಿ ಕೊಂಚ ಸಡಿಲಿಸಿ, ಕೈಗಳನ್ನು ಮುಂದಿರುವ ಕುರ್ಚಿಯ ಆಸನದ ಮೇಲೆ ಊರಬಹುದು. ಕಾಲಗಲಿಸಿದರೆ ಹೊಟ್ಟೆಗೆ ಹೋಗಲು ಜಾಗ ಸಿಗುತ್ತದೆ. ಗುಟ್ಟು ಇಷ್ಟೇ. ಕೂತು ಮುಂದೆ ಬಾಗುವ ಆಸನಗಳಲ್ಲೂ ಅದೇ: ಕಾಲು ಅಗಲಿಸಿ, ಹೊಟ್ಟೆಯನ್ನು ಕೈಯಿಂದ ಮೆಲ್ಲಗೆ ಎತ್ತಿ ಸರಿಸಿಕೊಂಡು, ಆಮೇಲೆ ಬಾಗುವುದು. ನಾಲ್ಕು ಜನರ ನಡುವೆ ಹೀಗೆ ಮಾಡಲು ಮುಜುಗರವಾಗುತ್ತದೆ, ನಿಜ. ಆದರೆ ಸೀರೆಯ ನೆರಿಗೆ ಸರಿಮಾಡಿಕೊಂಡು ಕೂರುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ನೆಲದ ಮೇಲೆ ಕೂತೊಡನೆ ಬೆನ್ನು ಗೂನಾಗುವವರು ಮಣೆಯ ಮೇಲೋ ಎರಡು ಮಡಿಕೆ ಕಂಬಳಿಯ ಮೇಲೋ ಕೂತು ನೋಡಬೇಕು. ಸೊಂಟ ಮಂಡಿಗಿಂತ ನಾಲ್ಕು ಬೆರಳು ಎತ್ತರವಾದರೆ ಬೆನ್ನು ತಾನೇ ನೆಟ್ಟಗಾಗುತ್ತದೆ. ಅಜ್ಜಿಯರು ಮಣೆ ಕೊಡದೆ ಊಟಕ್ಕೆ ಕೂರಿಸುತ್ತಿರಲಿಲ್ಲ ಎಂಬುದು ಇಲ್ಲಿ ನೆನಪಾದರೆ ತಪ್ಪಲ್ಲ. ಪಾದ ಕೈಗೆ ಸಿಗದಿದ್ದರೆ ದುಪಟ್ಟಾವನ್ನು ಪಾದಕ್ಕೆ ಸುತ್ತಿ ಎರಡೂ ತುದಿ ಹಿಡಿದುಕೊಳ್ಳುವುದು.

ವಜ್ರಾಸನ ಊಟದ ನಂತರ ಒಳ್ಳೆಯದು ಎಂಬ ಹೆಸರು ಹೊತ್ತಿರುವುದರಿಂದ ಎಲ್ಲರೂ ಅದರ ಮೇಲೆ ಬೀಳುತ್ತಾರೆ. ಮಂಡಿ ಸವೆದವರಿಗೆ ಅದು ಬೇಡವೇ ಬೇಡ. ಮಂಡಿ ಗಟ್ಟಿಯಿದ್ದರೂ ತೊಡೆ, ಮೀನಖಂಡದ ನಡುವೆ ದಿಂಬು ಇಟ್ಟು, ಪಾದದ ಕೆಳಗೆ ಟವೆಲ್ ಸುರುಳಿ ಕೊಟ್ಟು ಒಂದು ನಿಮಿಷದಿಂದ ಶುರುಮಾಡಬೇಕು. ಮಂಡಿಯ ಲೆಕ್ಕವೇ ಬೇರೆ. ಮಂಡಿ ಸವೆತವಿದ್ದ ಸ್ಥೂಲಕಾಯದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ಇಳಿಯುತ್ತದೆಂದು ತೋರಿಸಿತು. ಲೆಕ್ಕವನ್ನು ತಿರುಗಿಸಿ ನೋಡಿದರೆ, ಹೆಚ್ಚಿನ 20 ಕೆಜಿ ಹೊತ್ತವರ ಮಂಡಿಯನ್ನು ಬಿಗಿಯಾಗಿ ಮಡಚಿಸುವ ಮುಂಚೆ ಶಿಕ್ಷಕರು ಏಕೆ ಹತ್ತು ಸಲ ಯೋಚಿಸಬೇಕೆಂದು ತಿಳಿಯುತ್ತದೆ.

ನೆಲಕ್ಕಿಳಿಯುವುದು, ನೆಲದಿಂದೇಳುವುದು ಯಾವ ಪುಸ್ತಕವೂ ಹೆಸರಿಡದ ಆಸನ. ತೂಕದವರಿಗೆ ಇದೇ ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಉಪಯೋಗದ್ದು ಕೂಡ. ಕುರ್ಚಿ ಹಿಡಿದು ಒಂದು ಮಂಡಿ ಊರಿ ಇಳಿಯುವುದು. ಏಳುವಾಗ ಮಗ್ಗುಲಿಗೆ ಹೊರಳಿ, ಕೈಯೂರಿ, ಮಂಡಿಗಾಲಿಗೆ ಬಂದು, ಕುರ್ಚಿ ಹಿಡಿದು ಏಳುವುದು. ದಿನಕ್ಕೆ ಮೂರು ಸಲ ಇಷ್ಟನ್ನೇ ಮಾಡಿದರೂ ತೊಡೆಗೆ ಬೇಕಾದಷ್ಟು ಕೆಲಸವಾಯಿತು. ಮದುವೆ ಮನೆಯಲ್ಲಿ ನೆಲದ ಪಂಕ್ತಿ ಬಿಟ್ಟು ಟೇಬಲ್ ಹುಡುಕಿಕೊಂಡು ಹೋಗುವವರಿಗೆ, ಹಳ್ಳಿಯ ನೆಂಟರ ಮನೆಗೆ ಹೋಗಲು ಅಲ್ಲಿನ ಶೌಚಾಲಯ ನೆನೆದು ಹಿಂಜರಿಯುವವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಶವಾಸನದಲ್ಲಿ ಉಸಿರು ಕಟ್ಟುವುದಕ್ಕೂ ಕಾರಣವಿದೆ. ಅಂಗಾತ ಮಲಗಿದಾಗ ಹೊಟ್ಟೆಯ ಭಾರ ವಪೆಯನ್ನು ಎದೆಯ ಕಡೆಗೆ ತಳ್ಳುತ್ತದೆ. ಬೆನ್ನು, ತಲೆಯ ಕೆಳಗೆ ಇಳಿಜಾರಾಗಿ ದಿಂಬು ಜೋಡಿಸಿ ಒರಗಬಹುದು, ಇಲ್ಲವೇ ಎಡ ಮಗ್ಗುಲಿಗೆ ಮಲಗಬಹುದು. ಸರ್ವಾಂಗಾಸನ, ಹಲಾಸನ, ಶೀರ್ಷಾಸನಗಳ ಗೋಜಿಗೆ ಮೊದಲ ವರ್ಷ ಹೋಗದಿದ್ದರೆ ನಷ್ಟವೇನಿಲ್ಲ. ಇಡೀ ಮೈಯ ಭಾರ ಕುತ್ತಿಗೆ, ಹೆಗಲ ಮೇಲೆ ಬೀಳುತ್ತದೆ, ಎದೆ ಹೊಟ್ಟೆಗಳು ಗಂಟಲಿಗೆ ಒತ್ತುತ್ತವೆ. ಅದರ ಬದಲು ಬೆನ್ನ ಮೇಲೆ ಒರಗಿ ಮೀನಖಂಡಗಳನ್ನು ಕುರ್ಚಿಯ ಮೇಲಿಟ್ಟರೆ ದಣಿದ ಕಾಲಿಗೆ ಅದೇ ಸ್ವರ್ಗ. ಇನ್ನು ಸೂರ್ಯನಮಸ್ಕಾರ. ರಥಸಪ್ತಮಿ ಹತ್ತಿರ ಬಂದರೆ ಊರೂರಲ್ಲಿ 108ರ ಹುಮ್ಮಸ್ಸು. ಮಣಿಕಟ್ಟಿನ ಮೇಲೆ ಮೈಯನ್ನೆಲ್ಲ ಹೇರುವ ಆ ಸರಣಿಯನ್ನು ಹೊಸಬರು ಗೋಡೆಗೋ ಕುರ್ಚಿಗೋ ಕೈಕೊಟ್ಟು ಮೂರು ಸುತ್ತು ಮಾಡಿದರೆ ಸೂರ್ಯನೇನೂ ಬೇಸರಿಸಿಕೊಳ್ಳುವುದಿಲ್ಲ.

ಎಷ್ಟು ಹೊತ್ತು? ಮೊದಲ ಕೆಲವು ವಾರ ದಿನಕ್ಕೆ ಹದಿನೈದರಿಂದ ಇಪ್ಪತ್ತು ನಿಮಿಷ. ಮಾಡುತ್ತಾ ಮಾಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಷ್ಟು ಏದುಸಿರು ಬಂದರೆ ಅಲ್ಲಿಗೆ ನಿಲ್ಲಿಸಿ ಸುಧಾರಿಸಿಕೊಳ್ಳಬೇಕು. ಮಾಂಸಖಂಡ ಎಳೆದಂತಾದರೆ ಸರಿ, ಕೀಲಿನಲ್ಲಿ ಚುಚ್ಚಿದಂತಾದರೆ ಸರಿಯಲ್ಲ.

'ಹದಿನೈದು ದಿನದಲ್ಲಿ ಹತ್ತು ಕೆಜಿ' ಎಂಬ ಜಾಹೀರಾತುಗಳ ಮಾತಿಗೆ ಬಂದರೆ, ಅಂಕಿಗಳು ನಿಷ್ಠುರ. ಸಾಮಾನ್ಯ ಹಠಯೋಗದಲ್ಲಿ ಮೈ ಖರ್ಚುಮಾಡುವ ಶಕ್ತಿ ಸುಮ್ಮನೆ ಕೂತಾಗಿನ ಎರಡೂವರೆ ಪಟ್ಟು. 80 ಕೆಜಿಯವರು ಒಂದು ಗಂಟೆ ಮಾಡಿದರೆ ಸುಮಾರು 200 ಕ್ಯಾಲೊರಿ. ಸುಮ್ಮನಿದ್ದರೂ ಖರ್ಚಾಗುತ್ತಿದ್ದ 80ನ್ನು ಕಳೆದರೆ ಉಳಿಯುವುದು 120. ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೊಂದು ಗಂಟೆಯಂತೆ ಎರಡು ತಿಂಗಳು ಬೆವರಿಳಿಸಿದರೆ ಒಂದು ಕೆಜಿ, ಅದೂ ತರಗತಿ ಮುಗಿಸಿ ಬರುವಾಗ ದರ್ಶಿನಿಯ ಮುಂದೆ ಕಾಲು ನಿಲ್ಲದಿದ್ದರೆ! ಕಪಾಲಭಾತಿ ಮಾಡಿದರೆ ಹೊಟ್ಟೆಯ ಬೊಜ್ಜೇ ಆರಿಸಿ ಕರಗುತ್ತದೆ ಎಂಬುದೂ ಹುಸಿ. ಯಾವ ಭಾಗಕ್ಕೆ ಕೆಲಸ ಕೊಟ್ಟರೂ ಕೊಬ್ಬು ಕರಗುವುದು ಮೈಯ ಒಟ್ಟು ಲೆಕ್ಕದಲ್ಲಿ.

ಸಂಶೋಧನೆಗಳ ತೀರ್ಪೂ ಹೆಚ್ಚುಕಡಿಮೆ ಹೀಗೇ ಇದೆ. ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 30 ಪ್ರಯೋಗಗಳನ್ನು ಒಟ್ಟುಮಾಡಿ ತೂಗಿದ 2016ರ ವಿಶ್ಲೇಷಣೆಯೊಂದಕ್ಕೆ, ಎಲ್ಲರನ್ನೂ ಸೇರಿಸಿ ನೋಡಿದಾಗ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಅಧಿಕ ತೂಕದವರನ್ನೇ ಬೇರೆಯಾಗಿ ನೋಡಿದಾಗ ಮಾತ್ರ ಬಿಎಂಐ ಕೊಂಚ ಇಳಿದಿತ್ತು. ಅದೇ ವರ್ಷ ಜರ್ಮನಿಯಲ್ಲಿ ಹೊಟ್ಟೆಯ ಬೊಜ್ಜಿದ್ದ 60 ಮಹಿಳೆಯರ ಮೇಲಿನ ಪ್ರಯೋಗ ಪ್ರಕಟವಾಯಿತು: ಹನ್ನೆರಡು ವಾರ ಯೋಗ ಮಾಡಿದವರ ಸೊಂಟದ ಸುತ್ತಳತೆ, ಮಾಡದೆ ಕಾದವರಿಗೆ ಹೋಲಿಸಿದರೆ 3.8 ಸೆಂ.ಮೀ. ಇಳಿದಿತ್ತು. ಪವಾಡವಲ್ಲ, ಆದರೆ ರವಿಕೆ, ಪ್ಯಾಂಟುಗಳಿಗೆ ಗೊತ್ತಾಗುವಷ್ಟು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಐವತ್ತರ ಪ್ರಾಯದ ಸುಮಾರು 15,000 ಜನರನ್ನು ವಿಚಾರಿಸಿದ 2005ರ ಅಧ್ಯಯನ ಇನ್ನೂ ಕುತೂಹಲದ್ದು. ಮೊದಲೇ ಅಧಿಕ ತೂಕವಿದ್ದು, ನಾಲ್ಕು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಯೋಗ ಮಾಡಿದವರು ಹತ್ತು ವರ್ಷದಲ್ಲಿ ಎರಡು ಕೆಜಿಗೂ ಹೆಚ್ಚು ಕಳೆದುಕೊಂಡಿದ್ದರೆ, ಮಾಡದವರು ಸುಮಾರು ಆರು ಕೆಜಿ ಕೂಡಿಸಿಕೊಂಡಿದ್ದರು. ಕ್ಯಾಲೊರಿಯ ಲೆಕ್ಕಕ್ಕೆ ಈ ಅಂತರ ಹೊಂದುವುದಿಲ್ಲ. ಯೋಗದಿಂದ ಮೈಯ ಮೇಲೆ ಬರುವ ಎಚ್ಚರ, ಹೊಟ್ಟೆ ತುಂಬಿದ್ದು ಬೇಗ ತಿಳಿಯುವುದು ಇದಕ್ಕೆ ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ಯೋಗ ಮಾಡಿದ್ದರಿಂದ ಇಳಿದರೋ, ಇಳಿಯುವ ಶಿಸ್ತಿದ್ದವರೇ ಯೋಗ ಮುಂದುವರಿಸಿದರೋ ಎಂದು ಇಂಥ ಅಧ್ಯಯನ ಬಿಡಿಸಿ ಹೇಳಲಾರದು. ಆದರೂ ಹೊಟ್ಟೆಯ ಕಾಲು ಭಾಗ ಖಾಲಿ ಬಿಟ್ಟು ಉಣ್ಣು ಎಂಬ ಹಠಯೋಗದ ಮಿತಾಹಾರದ ನಿಯಮ ಆಸನಗಳ ಜೊತೆಗೇ ಏಕೆ ಬಂದಿತು ಎಂಬುದಕ್ಕೆ ಇಲ್ಲೊಂದು ಸುಳಿವಿದೆ. ಹೀಗಾಗಿ ತೂಕವೇ ಗುರಿಯಾಗಿದ್ದರೆ ಯೋಗದ ಜೊತೆಗೆ ನಡಿಗೆ ಬೇಕು, ತಟ್ಟೆಯ ಮೇಲೆ ಕಣ್ಣಿರಬೇಕು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರೊಳಗೆ ನಿಧಾನದ ಆಸನಗಳು ಬಹುಮಟ್ಟಿಗೆ ಸೇರುವುದಿಲ್ಲ.

ವೈದ್ಯರನ್ನು ಕೇಳಿ ಶುರುಮಾಡಿ ಎಂಬ ಮಾತನ್ನು ಔಪಚಾರಿಕವಾಗಿ ಓದಿ ದಾಟುವವರೇ ಹೆಚ್ಚು. ಇಲ್ಲಿ ಹಾಗೆ ದಾಟುವಂತಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು 'ಖಾಲಿ ಹೊಟ್ಟೆಯಲ್ಲಿ ಬನ್ನಿ' ಎಂಬ ಸೂಚನೆಯನ್ನು ಕಣ್ಮುಚ್ಚಿ ಪಾಲಿಸಿದರೆ ತರಗತಿಯ ನಡುವೆ ಸಕ್ಕರೆ ಕುಸಿದು ಕಣ್ಣು ಕತ್ತಲಿಟ್ಟೀತು. ರಕ್ತದೊತ್ತಡ ಹಿಡಿತದಲ್ಲಿಲ್ಲದವರಿಗೆ ಬಿರುಸಿನ ಕಪಾಲಭಾತಿ, ಉಸಿರು ಬಿಗಿಹಿಡಿಯುವ ಕುಂಭಕ, ತಲೆಕೆಳಗಿನ ಆಸನಗಳು ಸಲ್ಲ. ಭ್ರಾಮರಿ, ಉಸಿರು ಕಟ್ಟದ ನಾಡಿಶೋಧನ ಸಾಕು. ಹರ್ನಿಯಾ, ಗ್ಲಾಕೋಮಾ, ಎದೆನೋವಿನ ಇತಿಹಾಸ ಇದ್ದರೆ ಶಿಕ್ಷಕರಿಗೆ ಮೊದಲೇ ಹೇಳಬೇಕು. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಯಿದೆಯೇ ಎಂದೂ, ಕಾರಣವಿಲ್ಲದೆ ತೂಕ ಏರಿದ್ದರೆ ಥೈರಾಯ್ಡ್ ಹೇಗಿದೆ ಎಂದೂ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಕಲಿಯುವ ಜಾಗಕ್ಕೆ ಕರ್ನಾಟಕದಲ್ಲಿ ಬರವಿಲ್ಲ. ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯ ಉಚಿತ ತರಗತಿಗಳು ಊರೂರ ಶಾಲೆ, ದೇವಸ್ಥಾನಗಳಲ್ಲಿ ಬೆಳಗಿನ ಜಾವ ನಡೆಯುತ್ತವೆ. ಕಾಯಿಲೆಯೂ ಜೊತೆಗಿದ್ದವರಿಗೆ ಜಿಗಣಿ ಬಳಿಯ ಎಸ್-ವ್ಯಾಸ, ಧರ್ಮಸ್ಥಳದ ಶಾಂತಿವನದಂಥ ಕಡೆ ವೈದ್ಯರ ಕಣ್ಣಳತೆಯಲ್ಲೇ ಯೋಗ ಕಲಿಸುತ್ತಾರೆ. ಸೇರುವ ಮುಂಚೆ ಶಿಕ್ಷಕರಿಗೆ ಒಂದೇ ಪ್ರಶ್ನೆ ಕೇಳಿದರೆ ಸಾಕು: 'ನನ್ನ ಕೈಲಿ ಈ ಆಸನ ಆಗದಿದ್ದರೆ ಅದರ ಬದಲು ಏನು ಹೇಳಿಕೊಡುತ್ತೀರಿ?' ಉತ್ತರ 'ಅಭ್ಯಾಸ ಮಾಡ್ತಾ ಮಾಡ್ತಾ ಬರುತ್ತೆ ಬಿಡಿ' ಎಂದಾದರೆ ಇನ್ನೊಂದು ತರಗತಿ ಹುಡುಕುವುದು ಮೇಲು. ಕುರ್ಚಿ, ಕಂಬಳಿ, ಗೋಡೆಯ ಹೆಸರು ಬಾಯಿಗೆ ಬಂದರೆ ಅಲ್ಲೇ ಉಳಿಯಬಹುದು.

ಮುಜುಗರದ ವಿಷಯ ಉಳಿಯಿತು. 'ಏನ್ ಡುಮ್ಮಿ, ಯೋಗ ಶುರುವಾ?' ಎನ್ನುವ ಪಕ್ಕದ ಮನೆಯವರಿಂದ ಹಿಡಿದು, ತಮಾಷೆಯೆಂದು ಹೊಟ್ಟೆ ತಟ್ಟಿ ಮಾತಾಡಿಸುವ ಶಿಕ್ಷಕರವರೆಗೆ, ದಪ್ಪಗಿರುವವರನ್ನು ಯೋಗದಿಂದ ಓಡಿಸಲು ಮಂಡಿನೋವು ಬೇಕಿಲ್ಲ, ಮಾತಿನ ನೋವೇ ಸಾಕಾಗುತ್ತದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಜೆಸ್ಸಮಿನ್ ಸ್ಟ್ಯಾನ್ಲಿ ಎಂಬ ಸ್ಥೂಲಕಾಯದ ಕಪ್ಪು ಮಹಿಳೆ ಮನೆಯಲ್ಲೇ ಅಭ್ಯಾಸ ಮಾಡುತ್ತಾ ತಮ್ಮ ಆಸನಗಳ ಚಿತ್ರಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕತೊಡಗಿದರು. ಅವುಗಳನ್ನು ನೋಡಿ ಲಕ್ಷಾಂತರ ಜನ ಹಿಂಬಾಲಿಸಿದರು, 2017ರಲ್ಲಿ ಅವರ 'ಎವರಿ ಬಾಡಿ ಯೋಗ' ಪುಸ್ತಕವೂ ಬಂತು. ತೆಳ್ಳಗಾಗಿ ತೋರಿಸಿದ್ದು ಅವರ ಸಾಧನೆಯಲ್ಲ. ದಪ್ಪಗಿದ್ದುಕೊಂಡೇ ಗಟ್ಟಿಯಾಗಿ ನಿಂತು ತೋರಿಸಿದರು. ಕನ್ನಡದ ಯೋಗ ಪುಸ್ತಕಗಳಲ್ಲಿ, ಟಿ.ವಿ.ಯ ಮುಂಜಾನೆಯ ಕಾರ್ಯಕ್ರಮಗಳಲ್ಲಿ ಅಂಥದೊಂದು ಮೈ ಕಾಣಿಸಿಕೊಳ್ಳುವುದು ಇನ್ನೂ ಬಾಕಿ ಇದೆ.

ವಿಶ್ವಸಂಸ್ಥೆ 2014ರ ಡಿಸೆಂಬರಿನಲ್ಲಿ ಗೊತ್ತುಮಾಡಿದ ಯೋಗ ದಿನ ಪ್ರತಿ ಜೂನ್ 21ಕ್ಕೆ ಬರುತ್ತದೆ. ಆ ದಿನಕ್ಕೆಂದು ಆಯುಷ್ ಸಚಿವಾಲಯ ರೂಪಿಸಿದ ಮುಕ್ಕಾಲು ಗಂಟೆಯ ಪಟ್ಟಿಯಲ್ಲೂ ಪಾದಹಸ್ತಾಸನವಿದೆ, ವಜ್ರಾಸನವಿದೆ. ಶಾಮಿಯಾನ, ಮೈಕು, ಟೀ ಶರ್ಟುಗಳಿಗೆ ಹಣ ಎತ್ತುವ ಸಂಘಟಕರಲ್ಲಿ ಒಂದು ಕೋರಿಕೆ: ಟೀ ಶರ್ಟುಗಳಲ್ಲಿ ದೊಡ್ಡ ಅಳತೆಯವನ್ನೂ ನಾಲ್ಕು ತರಿಸಿ. ಕೈಹಿಡಿ ಇಲ್ಲದ ಹತ್ತು ಗಟ್ಟಿ ಕುರ್ಚಿಗಳನ್ನೂ ಹಾಕಿಸಿ. ಹಿಂದಿನ ಮೂಲೆಯಲ್ಲಿ ಬೇಡ, ಮುಂದಿನ ಸಾಲಿನಲ್ಲಿ.